ಡಿಫರೆನ್ಷಿಯಲ್ ಸಂಕೇತಗಳ ಶೀಲ್ಡ್ ಕೇಬಲ್

ಡಿಫರೆನ್ಷಿಯಲ್ ಸಂಕೇತಗಳ ಶೀಲ್ಡ್ ಕೇಬಲ್: ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನೇ ಸಂಕೇತವಾಗಿ ಸಾಗಿಸುವ, ಒಂದರೊಡನೊಂದು ಹೊಸೆದ ತಂತಿಜೋಡಿಯ ಸುತ್ತ ಲೋಹದ ಕವಚವಿರುವ ಕೇಬಲ್. ಕಾರ್ಖಾನೆಯ ಯಂತ್ರಗಳು, ಲಾರಿ ತೂಕದ ಸೇತುವೆ, ರೈಲ್ವೆ ಸಿಗ್ನಲ್, ಧ್ವನಿವರ್ಧಕದ ಮೈಕು, ಕಂಪ್ಯೂಟರ್ ಜಾಲ, ಸೌರವಿದ್ಯುತ್ ಸ್ಥಾವರ ಮೊದಲಾದ ಕಡೆ ಬಳಕೆಯಲ್ಲಿದೆ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ, ಚನ್ನರಾಯನದುರ್ಗದ ಸುತ್ತಲಿನ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ, ಈ ಕೇಬಲ್ಲಿಗೆ ಮಹತ್ವ ಬಂದದ್ದು ಮುಖ್ಯವಾಗಿ ಪಾವಗಡದ ಸೌರವಿದ್ಯುತ್ ಪಾರ್ಕಿನಿಂದ. ಕೇಬಲ್ಲಿನ ಆಯ್ಕೆ ಶೀಲ್ಡ್ ಒಂದನ್ನೇ ನೋಡಿ ಮಾಡುವಂಥದ್ದಲ್ಲ. ಹೊಸೆತ, ಪ್ರತಿಬಾಧೆ, ತಂತಿಯ ದಪ್ಪ, ಹೊರಹೊದಿಕೆ, ಅರ್ಥಿಂಗ್ ಇವೆಲ್ಲ ಒಟ್ಟಾಗಿ ಅದನ್ನು ನಿರ್ಧರಿಸುತ್ತವೆ.

ತತ್ತ್ವ

ಸರಳ ಸಂಕೇತ ಮಂಡಲದಲ್ಲಿ ಒಂದು ತಂತಿ ಸಂಕೇತವನ್ನು ಒಯ್ಯುತ್ತದೆ, ಇನ್ನೊಂದು ಗ್ರೌಂಡ್ ಆಗಿರುತ್ತದೆ. ಗ್ರೌಂಡಿನಲ್ಲಿ ಏರುಪೇರಾದರೆ ಅದು ನೇರವಾಗಿ ಸಂಕೇತಕ್ಕೆ ಸೇರಿಬಿಡುತ್ತದೆ. ಡಿಫರೆನ್ಷಿಯಲ್ ಮಂಡಲದಲ್ಲಿ ಎರಡೂ ತಂತಿಗಳು ಸಂಕೇತದವೇ. ಗ್ರಾಹಕವು ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಒಂದು ತಂತಿಯಲ್ಲಿ 3.5 ವೋಲ್ಟ್, ಇನ್ನೊಂದರಲ್ಲಿ 1.5 ವೋಲ್ಟ್ ಇದ್ದರೆ ಸಂಕೇತ 2 ವೋಲ್ಟ್. ಹೊರಗಿನಿಂದ ಎರಡಕ್ಕೂ 4 ವೋಲ್ಟ್ ಗದ್ದಲ ಸೇರಿ 7.5 ಮತ್ತು 5.5 ಆದರೂ ವ್ಯತ್ಯಾಸ 2 ವೋಲ್ಟಾಗಿಯೇ ಉಳಿಯುತ್ತದೆ.

ಗದ್ದಲ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಪಕ್ಕಪಕ್ಕದಲ್ಲಿ ನೇರವಾಗಿ ಎಳೆದ ತಂತಿಗಳಲ್ಲಿ ವಿದ್ಯುತ್ ಲೈನಿಗೆ ಹತ್ತಿರವಿರುವ ತಂತಿ ಹೆಚ್ಚು ಗದ್ದಲ ಪಡೆಯುತ್ತದೆ. ಹಗ್ಗದಂತೆ ಹೊಸೆದಾಗ ಪ್ರತಿ ಅರ್ಧ ಸುತ್ತಿಗೆ ತಂತಿಗಳು ಜಾಗ ಬದಲಿಸುತ್ತವೆ. ಒಂದು ಅರ್ಧ ಸುತ್ತಿನಲ್ಲಿ ಕಾಂತಕ್ಷೇತ್ರದಿಂದ ಹುಟ್ಟಿದ ವೋಲ್ಟೇಜನ್ನು ಮುಂದಿನ ಅರ್ಧ ಸುತ್ತು ಅಳಿಸುತ್ತದೆ. ಹೀಗಾಗಿ ಕಾಂತೀಯ ಗದ್ದಲವನ್ನು ತಡೆಯುವ ಕೆಲಸ ಬಹುಪಾಲು ಹೊಸೆತದ್ದು. ವಿದ್ಯುತ್ ಕ್ಷೇತ್ರದ ಮೂಲಕ ನುಗ್ಗುವ ಗದ್ದಲವನ್ನೂ ಅಧಿಕ ಆವರ್ತನದ ಗದ್ದಲವನ್ನೂ ತಡೆಯುವುದು ಶೀಲ್ಡ್‌ನ ಕೆಲಸ. ಎರಡನ್ನೂ ದಾಟಿ ಬಂದು ಎರಡೂ ತಂತಿಗಳಲ್ಲಿ ಸಮನಾಗಿ ಉಳಿದದ್ದನ್ನು ಗ್ರಾಹಕ ಕಳೆಯುತ್ತದೆ.

ಇತಿಹಾಸ

ಆರಂಭದ ದೂರವಾಣಿಗಳು ಟೆಲಿಗ್ರಾಫಿನಂತೆ ಒಂದೇ ತಂತಿಯಲ್ಲಿ, ಭೂಮಿಯನ್ನೇ ಮರಳುದಾರಿಯಾಗಿಟ್ಟುಕೊಂಡು ನಡೆಯುತ್ತಿದ್ದವು. ಪಕ್ಕದ ಲೈನಿನ ಮಾತೂ ವಿದ್ಯುತ್ ಟ್ರಾಮಿನ ಗುಂಯ್‌ಗುಡುವಿಕೆಯೂ ಅದರಲ್ಲಿ ಕೇಳಿಸುತ್ತಿದ್ದವು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಹೊಸೆದ ಜೋಡಿತಂತಿಗೆ ಪೇಟೆಂಟ್ ಪಡೆದನು. ಭಾರತದ ಹಳ್ಳಿಗಳಿಗೆ ದೂರವಾಣಿ ತಲುಪಿದ್ದು ಇಂಥ ಜೋಡಿತಂತಿಗಳ ಮೇಲೆಯೇ. ಸಿ-ಡಾಟ್ ಸಂಸ್ಥೆಯ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಮೊದಲು ಕೆಲಸ ಆರಂಭಿಸಿತು. ಅಲ್ಲಿಂದ ಹೊರಟ ಲೈನುಗಳೂ ಸಮತೋಲಿತ ಜೋಡಿಗಳೇ.

ಯಂತ್ರಗಳ ನಡುವಿನ ಸಂವಹನಕ್ಕಾಗಿ ಮಾಡಿಕಾನ್ ಕಂಪನಿ 1979ರಲ್ಲಿ ಮಾಡ್‌ಬಸ್ ಎಂಬ ಸಂದೇಶಕ್ರಮವನ್ನು ಪ್ರಕಟಿಸಿತು. ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ 1983ರಲ್ಲಿ ಆರ್‌ಎಸ್-485 ಮಾನಕವನ್ನು ಹೊರತಂದಿತು. ವಾಹನಗಳಿಗಾಗಿ ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಬಸ್ ಪರಿಚಯಿಸಿತು. ಈ ಮೂರರಲ್ಲಿ ಆರ್‌ಎಸ್-485ರ ಮೇಲೆ ಓಡುವ ಮಾಡ್‌ಬಸ್ ಸೌರ ಇನ್ವರ್ಟರು, ವಿದ್ಯುತ್ ಮೀಟರು, ಪಂಪ್ ಕಂಟ್ರೋಲರುಗಳ ಸಾಮಾನ್ಯ ಭಾಷೆಯಾಗಿ ಉಳಿದಿದೆ.

ಈ ಸೀಮೆಯಲ್ಲಿ ಬಳಕೆ

ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ‘ಶಕ್ತಿ ಸ್ಥಳ’ ಸೌರ ಪಾರ್ಕ್ ಇದೆ. ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ. ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ ಇದನ್ನು ರೂಪಿಸಿತು. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. ಈ ಗಾತ್ರದ ಸ್ಥಾವರಗಳಲ್ಲಿ ಫಲಕಗಳ ಸಾಲುಗಳನ್ನು ಕೂಡಿಸುವ ಪೆಟ್ಟಿಗೆ, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಹವಾಮಾನ ಮಾಪಕ ಇವೆಲ್ಲ ತಮ್ಮ ಅಂಕಿಗಳನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತಿರಬೇಕು. ಪೆಟ್ಟಿಗೆಯಿಂದ ಇನ್ವರ್ಟರ್ ಕೊಠಡಿಯವರೆಗೆ, ನೂರಾರು ಮೀಟರ್ ದೂರ, ಆ ಕೆಲಸವನ್ನು ಸಾಮಾನ್ಯವಾಗಿ ಆರ್‌ಎಸ್-485 ಕೇಬಲ್ ಮಾಡುತ್ತದೆ. ಆ ಕೇಬಲ್ಲನ್ನು ಹೂಳಿದ ಕಂದಕದ ಆಸುಪಾಸಿನಲ್ಲಿ ಫಲಕಗಳ ನೇರ ವಿದ್ಯುತ್ತಿನ ಕೇಬಲ್ಲುಗಳಿರುತ್ತವೆ. ಇಂಥ ಸ್ಥಾವರಗಳಲ್ಲಿ ಅವುಗಳ ವೋಲ್ಟೇಜ್ 1,000ದಿಂದ 1,500ರವರೆಗೆ ಇರುತ್ತದೆ. ಇನ್ವರ್ಟರಿನೊಳಗಿನ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಬಾರಿ ಆಫ್-ಆನ್ ಆಗುತ್ತ ಗದ್ದಲ ಎಬ್ಬಿಸುತ್ತವೆ.

ಬಿಸಿಲಿನ ತೀಕ್ಷ್ಣತೆಯನ್ನು ಅಳೆಯುವ ಪೈರಾನೋಮೀಟರ್ ಇನ್ನೂ ಸೂಕ್ಷ್ಮ. ಪ್ರತಿ ಚದರ ಮೀಟರಿಗೆ ಬೀಳುವ ಒಂದು ವ್ಯಾಟ್ ಬೆಳಕಿಗೆ ಅದು ಕೊಡುವುದು ಸುಮಾರು 10 ಮೈಕ್ರೋವೋಲ್ಟ್. ನಡುಹಗಲಿನ 1,000 ವ್ಯಾಟ್ ಬಿಸಿಲಿಗೂ ಸಂಕೇತ 10 ಮಿಲಿವೋಲ್ಟ್ ಮಾತ್ರ. ದಾರಿಯಲ್ಲಿ 0.1 ಮಿಲಿವೋಲ್ಟ್ ಗದ್ದಲ ಸೇರಿದರೂ ಅಳತೆ ನೂರಕ್ಕೆ ಒಂದು ಪಾಲು ತಪ್ಪುತ್ತದೆ. ಸ್ಥಾವರದ ದಕ್ಷತೆಯನ್ನು ಈ ಅಂಕಿಯ ಮೇಲೆಯೇ ಲೆಕ್ಕ ಹಾಕುವುದರಿಂದ ಆ ಒಂದು ಪಾಲಿಗೂ ಬೆಲೆಯಿದೆ.

ಲಾರಿ ತೂಕದ ಸೇತುವೆಯ ಲೋಡ್ ಸೆಲ್ ಇನ್ನೊಂದು ಉದಾಹರಣೆ. ಪ್ರತಿ ವೋಲ್ಟ್ ಪೂರೈಕೆಗೆ 2 ಮಿಲಿವೋಲ್ಟ್ ಕೊಡುವ ಸೆಲ್ಲಿಗೆ 10 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ 20 ಮಿಲಿವೋಲ್ಟ್ ಬರುತ್ತದೆ. ತಲಾ 30 ಟನ್ನಿನ 8 ಸೆಲ್ಲುಗಳ ಸೇತುವೆಯಲ್ಲಿ 10 ಕಿಲೋಗ್ರಾಂ ವ್ಯತ್ಯಾಸ ತೋರಲು ಗುರುತಿಸಬೇಕಾದ ಸಂಕೇತ ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ದೂರ ಹೆಚ್ಚಿದ್ದರೆ ಇಲ್ಲಿ ಆರು ತಂತಿಗಳ ಶೀಲ್ಡ್ ಕೇಬಲ್ ಬಳಸುತ್ತಾರೆ: ಎರಡು ಪೂರೈಕೆಗೆ, ಎರಡು ಸಂಕೇತಕ್ಕೆ, ಉಳಿದೆರಡು ಸೆಲ್ಲಿಗೆ ನಿಜವಾಗಿ ತಲುಪಿದ ವೋಲ್ಟೇಜನ್ನು ಅಳೆಯಲು.

ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳ ಮೂಲಕ ಯೋಜಿತವಾದ ತುಮಕೂರು–ರಾಯದುರ್ಗ ರೈಲುಮಾರ್ಗದಂಥ ಕಡೆ ಬೇರೊಂದು ಬಗೆ ಬೇಕಾಗುತ್ತದೆ. ಭಾರತೀಯ ರೈಲ್ವೆಯು ಗಾಲಿಗಳನ್ನು ಎಣಿಸುವ ಆಕ್ಸಲ್ ಕೌಂಟರಿಗೆ ಕ್ವಾಡ್ ಕೇಬಲ್ ಬಳಸುತ್ತದೆ. ಇದರಲ್ಲಿ ನಾಲ್ಕು ತಂತಿಗಳನ್ನು ಒಟ್ಟಿಗೆ ಹೊಸೆದು, ಎದುರುಬದುರಿನ ಎರಡೆರಡನ್ನು ಜೋಡಿಯಾಗಿ ತೆಗೆದುಕೊಳ್ಳುತ್ತಾರೆ. ವಿದ್ಯುದೀಕರಣಗೊಂಡ ಮಾರ್ಗದಲ್ಲಿ ಮೇಲಿನ 25 ಕಿಲೋವೋಲ್ಟ್ ತಂತಿಯಿಂದ ಪ್ರೇರಿತವಾಗುವ ವೋಲ್ಟೇಜನ್ನು ತಗ್ಗಿಸಲು ದಪ್ಪ ಅಲ್ಯೂಮಿನಿಯಂ ಕವಚ ಇರುತ್ತದೆ.

ಪ್ರತಿಬಾಧೆ

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ವಿಶಿಷ್ಟ ಪ್ರತಿಬಾಧೆ, ಅಂದರೆ ಕೆಲಸಗಾರರ ಮಾತಿನ ಇಂಪೀಡೆನ್ಸ್. ತಂತಿಗಳ ದಪ್ಪ, ಅವುಗಳ ನಡುವಿನ ಅಂತರ, ನಿರೋಧಕ ಪದಾರ್ಥ ಇವು ಅದನ್ನು ನಿರ್ಧರಿಸುತ್ತವೆ. ಕೇಬಲ್ಲಿನ ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೇಬಲ್ಲಿನ ತುದಿಯ ರೋಧ ಇದಕ್ಕೆ ಹೊಂದದಿದ್ದರೆ ಸಂಕೇತದ ಒಂದು ಭಾಗ ತುದಿಯಿಂದ ಹಿಂದಿರುಗಿ ಮುಂದಿನ ಸಂಕೇತದೊಂದಿಗೆ ಬೆರೆಯುತ್ತದೆ. ಬಳಕೆಗೆ ತಕ್ಕ ಪ್ರತಿಬಾಧೆಗಳು ಹೀಗಿವೆ:

ಆರ್‌ಎಸ್-485 ಮತ್ತು ಕ್ಯಾನ್ ಬಸ್: 120 ಓಮ್
ಪ್ರೊಫಿಬಸ್ (ಕಾರ್ಖಾನೆ ಯಂತ್ರಗಳ ಜಾಲ): 150 ಓಮ್
ಈಥರ್‌ನೆಟ್: 100 ಓಮ್
ಡಿಜಿಟಲ್ ಧ್ವನಿ (ಎಇಎಸ್): 110 ಓಮ್
ಯುಎಸ್‌ಬಿ: 90 ಓಮ್

ಮೈಕಿನ ಕೇಬಲ್ಲು, ಲೋಡ್ ಸೆಲ್ಲು, ಪೈರಾನೋಮೀಟರುಗಳಂಥ ನಿಧಾನ ಅನಲಾಗ್ ಸಂಕೇತಗಳಿಗೆ ಪ್ರತಿಬಾಧೆ ಲೆಕ್ಕಕ್ಕಿಲ್ಲ. ಅಲ್ಲಿ ತಂತಿಗಳ ಸಮತೋಲ ಮತ್ತು ಶೀಲ್ಡ್ ಮುಖ್ಯ. ಇನ್ನು ಸೆಕೆಂಡಿಗೆ 9,600 ಬಿಟ್ ವೇಗದ ಮಾಡ್‌ಬಸ್ಸಿನಲ್ಲಿ ಒಂದು ಬಿಟ್ಟಿನ ಅವಧಿ 104 ಮೈಕ್ರೋಸೆಕೆಂಡ್. ಒಂದು ಕಿಲೋಮೀಟರ್ ಕೇಬಲ್ಲನ್ನು ದಾಟಲು ಸಂಕೇತಕ್ಕೆ ಬೇಕಾದದ್ದು ಸುಮಾರು 5 ಮೈಕ್ರೋಸೆಕೆಂಡ್. ಹಿಂದಿರುಗಿದ ಸಂಕೇತ ಬಿಟ್ಟಿನ ಆರಂಭದಲ್ಲೇ ಅಡಗಿಹೋಗುತ್ತದೆ. ಆದ್ದರಿಂದ ಈ ವೇಗದಲ್ಲಿ 100 ಓಮ್ ಕೇಬಲ್ ಹಾಕಿದರೂ ಸಂವಹನ ನಡೆದೀತು. ವೇಗ ಏರಿದಂತೆ ಆ ಸಡಿಲ ಉಳಿಯುವುದಿಲ್ಲ. ಮೀಟರುಗಳಲ್ಲಿ ಉದ್ದವನ್ನು ಸೆಕೆಂಡಿಗೆ ಹರಿಯುವ ಬಿಟ್ಟುಗಳಿಂದ ಗುಣಿಸಿದರೆ 10 ಕೋಟಿ ಮೀರಬಾರದು ಎಂಬುದು ರೂಢಿಯ ಅಂದಾಜು. 1,000 ಮೀಟರಿಗೆ ಒಂದು ಲಕ್ಷ ಬಿಟ್ ಎಂದಾಯಿತು. ಮಾನಕ ಸೂಚಿಸುವ ಗರಿಷ್ಠ ಉದ್ದ ಸುಮಾರು 1,200 ಮೀಟರ್.

ತಂತಿಯ ದಪ್ಪ ಮತ್ತು ನಿರೋಧಕ

ಆರ್‌ಎಸ್-485 ಪ್ರೇಷಕ 54 ಓಮ್ ಹೊರೆಯ ಮೇಲೆ ಕನಿಷ್ಠ 1.5 ವೋಲ್ಟ್ ವ್ಯತ್ಯಾಸ ಕೊಡಬೇಕು, ಗ್ರಾಹಕ 0.2 ವೋಲ್ಟ್ ವ್ಯತ್ಯಾಸವನ್ನೂ ಗುರುತಿಸಬೇಕು. ನಡುವಿನ ಅಂತರವೇ ಕೇಬಲ್ಲಿಗೆ ಸಿಗುವ ಅವಕಾಶ. 0.5 ಚದರ ಮಿ.ಮೀ. ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 36 ಓಮ್; ಹೋಗುಬರುವ ದಾರಿ ಸೇರಿ 72 ಓಮ್. ತುದಿಯ 120 ಓಮ್ ರೋಧಕದ ಮೇಲೆ ಉಳಿಯುವುದು ಸುಮಾರು 0.94 ವೋಲ್ಟ್. ಕೇಬಲ್ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ತಾಮ್ರದ ರೋಧ ಶೇಕಡ 16ರಷ್ಟು ಏರಿ ಇದು 0.89 ವೋಲ್ಟಿಗೆ ಇಳಿಯುತ್ತದೆ. ಪಾವಗಡದ ಬೇಸಿಗೆಯಲ್ಲಿ ಫಲಕದ ಹಿಂಬದಿಗೆ ಕಟ್ಟಿದ ಕೇಬಲ್ಲಿಗೆ ಇಂಥ ಕಾವು ಅಸಾಧ್ಯವಲ್ಲ. ಸುಮಾರು 0.2 ಚದರ ಮಿ.ಮೀ.ಯ ತೆಳು ತಂತಿಯನ್ನು 1,200 ಮೀಟರ್ ಎಳೆದರೆ ಉಳಿಯುವುದು 0.56 ವೋಲ್ಟ್. ಅದೂ ಸಾಕು, ಆದರೆ ಗದ್ದಲಕ್ಕೆ ತಾಳಿಕೊಳ್ಳುವ ಮೀಸಲು ಕಡಿಮೆಯಾಗುತ್ತದೆ. ಎಳೆಯುವಾಗ ತುಂಡಾಗದಿರಲೆಂದೂ ಟರ್ಮಿನಲ್ಲಿನಲ್ಲಿ ಗಟ್ಟಿಯಾಗಿ ಕೂರಲೆಂದೂ ಹೊಲದ ಕೆಲಸಕ್ಕೆ 0.5 ಚದರ ಮಿ.ಮೀ. ಅಥವಾ ಅದಕ್ಕೂ ದಪ್ಪ, ತವರ ಲೇಪಿಸಿದ ತಾಮ್ರವನ್ನು ಆರಿಸುವುದು ವಾಡಿಕೆ.

ತಂತಿಯ ಮೇಲಿನ ನಿರೋಧಕಕ್ಕೆ ಪಿವಿಸಿಗಿಂತ ಪಾಲಿಥೀನ್ ಒಳ್ಳೆಯದು. ಪಿವಿಸಿಯಲ್ಲಿ ತಂತಿಗಳ ನಡುವಿನ ಕೆಪಾಸಿಟೆನ್ಸ್ ಹೆಚ್ಚು, ಕಾವಿನೊಂದಿಗೆ ಅದು ಬದಲಾಗುತ್ತಲೂ ಇರುತ್ತದೆ. ಆರ್‌ಎಸ್-485ಕ್ಕೆಂದೇ ತಯಾರಾದ ಪಾಲಿಥೀನ್ ಕೇಬಲ್ಲಿನಲ್ಲಿ ಮೀಟರಿಗೆ 40–50 ಪಿಕೋಫ್ಯಾರಡ್ ಇದ್ದರೆ, ಸಾಮಾನ್ಯ ಪಿವಿಸಿ ಕಂಟ್ರೋಲ್ ಕೇಬಲ್ಲಿನಲ್ಲಿ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಇರುತ್ತದೆ. ಕೆಪಾಸಿಟೆನ್ಸ್ ಹೆಚ್ಚಾದಷ್ಟೂ ಚೌಕಾಕಾರದ ಸಂಕೇತದ ಅಂಚುಗಳು ಸವೆಯುತ್ತವೆ.

ಎರಡು ತಂತಿ ಸಾಕು ಎಂಬುದು ಆರ್‌ಎಸ್-485ರ ಬಗ್ಗೆ ಇರುವ ಸಾಮಾನ್ಯ ತಪ್ಪು ತಿಳಿವಳಿಕೆ. ಎರಡು ತುದಿಗಳ ಗ್ರೌಂಡುಗಳ ನಡುವೆ ವೋಲ್ಟೇಜ್ ಬೆಳೆದು ಗ್ರಾಹಕದ ಮಿತಿಯಾದ –7ರಿಂದ +12 ವೋಲ್ಟನ್ನು ದಾಟಿದರೆ ಸಂವಹನ ನಿಲ್ಲುತ್ತದೆ, ಚಿಪ್ಪೂ ಸುಡಬಹುದು. ಅದಕ್ಕಾಗಿ ಎರಡು ಜೋಡಿಗಳ ಕೇಬಲ್ ಕೊಂಡು, ಒಂದು ಜೋಡಿಯನ್ನು ಸಂಕೇತಕ್ಕೂ ಇನ್ನೊಂದನ್ನು ಎರಡು ತುದಿಗಳ ಗ್ರೌಂಡುಗಳನ್ನು ಕೂಡಿಸುವ ಉಲ್ಲೇಖ ತಂತಿಗೂ ಬಳಸಬೇಕು. ಶೀಲ್ಡನ್ನೇ ಉಲ್ಲೇಖ ತಂತಿಯಾಗಿ ಬಳಸಬಾರದು. ಅದರಲ್ಲಿ ಹರಿಯುವ ಗದ್ದಲದ ಪ್ರವಾಹ ಸಂಕೇತದ ಆಧಾರವನ್ನೇ ಅಲುಗಿಸುತ್ತದೆ.

ಶೀಲ್ಡ್‌ನ ಬಗೆಗಳು

ಫಾಯಿಲ್ ಶೀಲ್ಡ್: ಪಾಲಿಯೆಸ್ಟರಿಗೆ ಅಂಟಿಸಿದ ತೆಳು ಅಲ್ಯೂಮಿನಿಯಂ ಹಾಳೆ. ತಂತಿಗಳನ್ನು ನೂರಕ್ಕೆ ನೂರು ಮುಚ್ಚುತ್ತದೆ, ಅಗ್ಗವೂ ಹೌದು. ಅಧಿಕ ಆವರ್ತನಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಳೆಗೆ ನೇರವಾಗಿ ಬೆಸುಗೆ ಹಾಕಲಾಗದ ಕಾರಣ ಅದಕ್ಕೆ ತಾಗಿದಂತೆ ಡ್ರೈನ್ ವೈರ್ ಎಂಬ ಬರಿತಂತಿ ಇರುತ್ತದೆ. ಪದೇಪದೇ ಬಾಗಿದರೆ ಹಾಳೆ ಹರಿಯುತ್ತದೆ.

ಬ್ರೇಡ್ ಶೀಲ್ಡ್: ಸಣ್ಣ ತಾಮ್ರದ ಎಳೆಗಳ ಹೆಣಿಗೆ. ಮೇಲ್ಮೈಯ ಶೇಕಡ 70ರಿಂದ 95ರಷ್ಟನ್ನು ಮುಚ್ಚುತ್ತದೆ. ರೋಧ ಕಡಿಮೆ, ಬಲ ಹೆಚ್ಚು. ಬಾಗುವ ಕೇಬಲ್ಲಿಗೂ ಹೊಂದುತ್ತದೆ.

ಸುರುಳಿ ಶೀಲ್ಡ್: ಸಣ್ಣ ಎಳೆಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತಿದ್ದು. ಬಹಳ ಮೆತ್ತಗಿರುವುದರಿಂದ ಮೈಕಿನ ಕೇಬಲ್ಲಿಗೆ ಒಪ್ಪುತ್ತದೆ. ಅಧಿಕ ಆವರ್ತನದಲ್ಲಿ ದುರ್ಬಲ.

ಫಾಯಿಲ್ ಮತ್ತು ಬ್ರೇಡ್ ಜೊತೆಯಾಗಿರುವುದು: ಇನ್ವರ್ಟರ್ ಕೊಠಡಿಯಂಥ ಗದ್ದಲದ ಜಾಗಕ್ಕೆ ಯೋಗ್ಯ.

ಹಲವು ಜೋಡಿಗಳ ಕೇಬಲ್ಲಿನಲ್ಲಿ ಪ್ರತಿ ಜೋಡಿಗೂ ಪ್ರತ್ಯೇಕ ಶೀಲ್ಡ್, ಒಟ್ಟಾರೆ ಇನ್ನೊಂದು ಶೀಲ್ಡ್ ಇರುವುದೂ ಉಂಟು. ಪೈರಾನೋಮೀಟರಿನ ಮಿಲಿವೋಲ್ಟನ್ನೂ ಆರ್‌ಎಸ್-485ರ ಬಿಟ್ಟುಗಳನ್ನೂ ಒಂದೇ ಕೇಬಲ್ಲಿನಲ್ಲಿ ಒಯ್ಯಬೇಕಾದರೆ ಈ ಬಗೆಯೇ ಬೇಕು.

ಶೀಲ್ಡ್‌ಗೂ ಮಿತಿಯಿದೆ. 50 ಹರ್ಟ್ಸ್ ಕಾಂತಕ್ಷೇತ್ರ ತಾಮ್ರದೊಳಗೆ ಸುಮಾರು 9 ಮಿ.ಮೀ. ಆಳ ಇಳಿಯುತ್ತದೆ, ಫಾಯಿಲ್‌ನ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಪಂಪ್‌ಸೆಟ್ಟಿನ ಕೇಬಲ್ಲಿನ ಪಕ್ಕದಲ್ಲಿ ಹಾಯುವ ಸಂಕೇತ ತಂತಿಗೆ ಫಾಯಿಲ್ ಸುತ್ತಿದ ಮಾತ್ರಕ್ಕೆ 50 ಹರ್ಟ್ಸ್ ಗುಂಯ್ ನಿಲ್ಲದಿರುವುದಕ್ಕೆ ಕಾರಣ ಇದೇ. ಅಲ್ಲಿ ನೆರವಾಗುವುದು ಬಿಗಿ ಹೊಸೆತ, ಅಂತರ ಮತ್ತು ಕಬ್ಬಿಣದ ಪೈಪು. ಒಂದು ಮೆಗಾಹರ್ಟ್ಸಿನಲ್ಲಿ ಆ ಆಳ 0.07 ಮಿ.ಮೀ.ಗೆ ಇಳಿಯುತ್ತದೆ, ತೆಳು ಕವಚಕ್ಕೂ ಆಗ ಬಲ ಬರುತ್ತದೆ.

ಶೀಲ್ಡ್‌ನ ಅರ್ಥಿಂಗ್

ಈ ವಿಷಯದಲ್ಲಿ ಅತಿ ಹೆಚ್ಚು ಚರ್ಚೆ ನಡೆಯುವುದು ಶೀಲ್ಡನ್ನು ಒಂದು ತುದಿಯಲ್ಲಿ ಅರ್ಥ್ ಮಾಡಬೇಕೋ ಎರಡೂ ತುದಿಗಳಲ್ಲೋ ಎಂಬ ಬಗ್ಗೆ. ಎರಡೂ ತುದಿಗಳನ್ನು ಅರ್ಥ್ ಮಾಡಿದರೆ, ಎರಡು ಅರ್ಥುಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದಾಗ ಶೀಲ್ಡ್‌ನಲ್ಲಿ ಪ್ರವಾಹ ಹರಿದು ಗ್ರೌಂಡ್ ಲೂಪ್ ಆಗುತ್ತದೆ. ಒಂದೇ ತುದಿಯನ್ನು ಅರ್ಥ್ ಮಾಡಿದರೆ ಲೂಪ್ ಇಲ್ಲ. ಆದರೆ ಅಧಿಕ ಆವರ್ತನದಲ್ಲಿ ತೆರೆದ ತುದಿ ಆಂಟೆನಾ ಆಗುತ್ತದೆ. ಕೇಬಲ್ಲಿನಲ್ಲಿ ಒಂದು ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 200 ಮೀಟರ್. ಅದರ ಹತ್ತರಲ್ಲಿ ಒಂದು ಪಾಲು ಮೀರಿದ ಕೇಬಲ್ಲಿಗೆ ಒಂದು ತುದಿಯ ಅರ್ಥ್ ಸಾಲದು. ಆದ್ದರಿಂದ ನಿಧಾನ ಮಿಲಿವೋಲ್ಟ್ ಸಂಕೇತಗಳಿಗೆ ಅಳೆಯುವ ಉಪಕರಣದ ಬದಿಯಲ್ಲಿ ಮಾತ್ರ ಅರ್ಥ್ ಮಾಡುವುದೂ, ಗದ್ದಲದ ಕಟ್ಟಡದೊಳಗಿನ ವೇಗದ ಡಿಜಿಟಲ್ ಸಂಕೇತಗಳಿಗೆ ಎರಡೂ ತುದಿಗಳಲ್ಲಿ ಮಾಡುವುದೂ ರೂಢಿ. ನಡುವಣ ದಾರಿಯೂ ಇದೆ: ಒಂದು ತುದಿ ನೇರವಾಗಿ, ಇನ್ನೊಂದು ಸಣ್ಣ ಕೆಪಾಸಿಟರಿನ ಮೂಲಕ.

ಈ ಸೀಮೆಯ ನೆಲ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಮಧುಗಿರಿ, ಚನ್ನರಾಯನದುರ್ಗಗಳ ಸುತ್ತ ಬಂಡೆ. ಪಾವಗಡ, ಶಿರಾಗಳಲ್ಲಿ ತೆಳು ಕೆಂಪು ಮಣ್ಣು, ಗರಸು, ಕಡಿಮೆ ಮಳೆ. ಒಣನೆಲದ ರೋಧ ಹೆಚ್ಚು. ಸಿಡಿಲಿನ 10,000 ಆಂಪಿಯರ್ ಪ್ರವಾಹ 5 ಓಮ್ ಅರ್ಥಿಗೆ ಇಳಿದರೆ ಅಲ್ಲಿನ ವೋಲ್ಟೇಜ್ ಕ್ಷಣಮಾತ್ರಕ್ಕೆ 50,000 ಮುಟ್ಟುತ್ತದೆ. ಬಿಡಿ ಬಿಡಿ ಅರ್ಥ್ ಗುಂಡಿಗಳಿರುವ ಎರಡು ಪೆಟ್ಟಿಗೆಗಳ ನಡುವೆ ಇಂಥ ವ್ಯತ್ಯಾಸ ಹುಟ್ಟಿದರೆ ಯಾವ ಶೀಲ್ಡೂ ಉಪಕರಣವನ್ನು ಉಳಿಸಲಾರದು. ಗುಂಡಿಗಳನ್ನೆಲ್ಲ ಉಕ್ಕಿನ ಪಟ್ಟಿಯಿಂದ ಜಾಲವಾಗಿ ಕೂಡಿಸುವುದು, ಸಂಕೇತ ಕೇಬಲ್ಲಿನ ಜೊತೆಗೇ ಅರ್ಥ್ ತಂತಿ ಎಳೆಯುವುದು, ಎರಡೂ ತುದಿಗಳಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕುವುದು, ಪ್ರತ್ಯೇಕಿತ ಗ್ರಾಹಕಗಳನ್ನು ಬಳಸುವುದು ಇಲ್ಲಿ ಅನಿವಾರ್ಯ.

ಶೀಲ್ಡನ್ನು ಅರ್ಥಿಗೆ ಸೇರಿಸುವ ಬಾಲವೂ ಗಿಡ್ಡದಾಗಿರಬೇಕು. 5 ಸೆಂಟಿಮೀಟರ್ ಬಾಲ 10 ಮೆಗಾಹರ್ಟ್ಸಿನಲ್ಲಿ 3 ಓಮ್‌ನಷ್ಟು ಅಡ್ಡಿಯೊಡ್ಡುತ್ತದೆ. ಕೇಬಲ್ಲನ್ನು ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್ ಅಥವಾ ಕ್ಲಾಂಪ್ ಇದಕ್ಕಿಂತ ಉತ್ತಮ.

ಹೊರಹೊದಿಕೆ ಮತ್ತು ಆರ್ಮರ್

ಬಿಸಿಲಿಗೆ ತೆರೆದ ಕೇಬಲ್ಲಿನ ಹೊದಿಕೆ ನೇರಳಾತೀತ ಕಿರಣ ತಾಳುವ ಕಪ್ಪು ಬಣ್ಣದ್ದಾಗಿರಬೇಕು. ಕಟ್ಟಡದೊಳಗಿನ ಬಳಕೆಗೆ ತಯಾರಾದ ಬೂದು ಪಿವಿಸಿ ಬಿಸಿಲಿನಲ್ಲಿ ಬೇಗನೆ ಸೀಳುತ್ತದೆ. ನೀರು ಒಳಸೇರಿದರೆ ಅಲ್ಯೂಮಿನಿಯಂ ಫಾಯಿಲ್ ತುಕ್ಕು ಹಿಡಿದು ಡ್ರೈನ್ ತಂತಿಯೊಂದಿಗಿನ ಸಂಪರ್ಕ ಕಡಿಯುತ್ತದೆ. ನೆಲದಲ್ಲಿ ಹೂಳುವ ಕೇಬಲ್ಲಿಗೆ ಉಕ್ಕಿನ ತಂತಿ ಅಥವಾ ಪಟ್ಟಿಯ ಆರ್ಮರ್ ಬೇಕು. ಇಲಿ, ಹೆಗ್ಗಣ, ಗುದ್ದಲಿ ಏಟು ಮೂರರಿಂದಲೂ ಅದು ಕಾಪಾಡುತ್ತದೆ. ಆರ್ಮರ್ ಇದ್ದರೆ ಶೀಲ್ಡ್ ಬೇಡ ಎನ್ನುವಂತಿಲ್ಲ. ಆರ್ಮರ್ ಯಾಂತ್ರಿಕ ರಕ್ಷಣೆಗೆ ಇರುವುದು. ಸುರಕ್ಷತೆಗಾಗಿ ಅದನ್ನು ಎರಡೂ ತುದಿಗಳಲ್ಲಿ ಅರ್ಥ್ ಮಾಡುತ್ತಾರೆ. ಶೀಲ್ಡನ್ನು ಅದರಿಂದ ಬೇರೆಯಾಗಿಯೇ ಇಡಬೇಕು.

ಅಳವಡಿಕೆ ಮತ್ತು ಪರೀಕ್ಷೆ

ಸಂಕೇತ ಕೇಬಲ್ಲಿಗೂ ವಿದ್ಯುತ್ ಕೇಬಲ್ಲಿಗೂ ಕಂದಕದಲ್ಲಿ ಸಾಮಾನ್ಯವಾಗಿ 300 ಮಿ.ಮೀ. ಅಂತರ ಬಿಡುತ್ತಾರೆ, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸುತ್ತಾರೆ. ಆರ್‌ಎಸ್-485 ಕೇಬಲ್ ಒಂದು ಸಾಧನದಿಂದ ಮುಂದಿನ ಸಾಧನಕ್ಕೆ ಸರಪಳಿಯಾಗಿ ಸಾಗಬೇಕು, ಕವಲೊಡೆಯಬಾರದು. ಸಾಲಿನ ಎರಡು ಕೊನೆಗಳಲ್ಲಿ ಮಾತ್ರ 120 ಓಮ್ ರೋಧಕ ಇರಬೇಕು. ಮಾನಕದ ಲೆಕ್ಕದಲ್ಲಿ ಒಂದು ಸಾಲಿಗೆ 32 ಸಾಧನಗಳ ಹೊರೆ ಮಿತಿ. ಕಡಿಮೆ ಹೊರೆಯ ಚಿಪ್ಪುಗಳಿದ್ದರೆ ಹೆಚ್ಚು ಸಾಧನ ಕೂಡಿಸಬಹುದು. ಜೋಡಿಯ ಎರಡು ತಂತಿಗಳಿಗಿರುವ ಎ, ಬಿ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸುವುದಿಲ್ಲ. ಹೊಸ ಸಾಧನ ಉತ್ತರ ಕೊಡದಿದ್ದರೆ ಮೊದಲು ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡುವುದು ಕ್ಷೇತ್ರದ ಪದ್ಧತಿ.

ಕೆಲಸ ಮುಗಿದ ಮೇಲೆ ಸಾಧನಗಳ ವಿದ್ಯುತ್ ಆರಿಸಿ ಜೋಡಿಯ ನಡುವಿನ ರೋಧ ಅಳೆಯಬೇಕು. ಎರಡು ಕೊನೆಗಳ ರೋಧಕಗಳೂ ಸರಿಯಿದ್ದರೆ ಗಿಡ್ಡ ಸಾಲಿನಲ್ಲಿ 60 ಓಮ್, 0.5 ಚದರ ಮಿ.ಮೀ.ಯ ಒಂದು ಕಿಲೋಮೀಟರ್ ಸಾಲಿನಲ್ಲಿ ಸುಮಾರು 74 ಓಮ್ ತೋರುತ್ತದೆ. 120 ಓಮ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಒಂದು ರೋಧಕ ಇಲ್ಲ ಅಥವಾ ತಂತಿ ತುಂಡಾಗಿದೆ. 40 ಓಮ್ ಬಂದರೆ ಮೂರನೆಯ ರೋಧಕ ಎಲ್ಲೋ ಸೇರಿಕೊಂಡಿದೆ. ಮೆಗ್ಗರಿನಿಂದ ನಿರೋಧಕತೆ ಪರೀಕ್ಷಿಸುವಾಗ ಸಾಧನಗಳನ್ನು ಬಿಚ್ಚಿಡಲೇಬೇಕು.

ಬದಲಿ ಮಾರ್ಗಗಳು

ಕಿಲೋಮೀಟರ್ ಮೀರಿದ ದೂರಕ್ಕೂ ಬೇರೆ ಬೇರೆ ಅರ್ಥ್ ಜಾಲಗಳಿರುವ ಕಟ್ಟಡಗಳ ನಡುವೆಯೂ ಆಪ್ಟಿಕಲ್ ಫೈಬರ್ ತಾಮ್ರಕ್ಕಿಂತ ಮೇಲು. ಲೋಹದ ಭಾಗವಿಲ್ಲದ ಫೈಬರಿನಲ್ಲಿ ಸಿಡಿಲಿನ ವೋಲ್ಟೇಜಾಗಲಿ ಗ್ರೌಂಡ್ ಲೂಪಾಗಲಿ ಹಾಯುವುದಿಲ್ಲ. ದೊಡ್ಡ ಸೌರ ಸ್ಥಾವರಗಳಲ್ಲಿ ಇನ್ವರ್ಟರ್ ಕೊಠಡಿಯಿಂದ ಮುಖ್ಯ ನಿಯಂತ್ರಣ ಕೊಠಡಿಗೆ ಹೋಗುವುದು ಸಾಮಾನ್ಯವಾಗಿ ಫೈಬರೇ. ಫಲಕದ ಸಾಲಿನಿಂದ ಇನ್ವರ್ಟರ್ ಕೊಠಡಿಯವರೆಗಿನ ಮೊದಲ ಕೆಲವು ನೂರು ಮೀಟರುಗಳಲ್ಲಿ ಬೆಲೆ, ಸರಳತೆ, ದುರಸ್ತಿಯ ಸುಲಭ ಈ ಮೂರೂ ಕಾರಣಗಳಿಂದ ತಾಮ್ರದ ಜೋಡಿ ಉಳಿದಿದೆ.

ಆ ದೂರಕ್ಕೆ ಈ ಒಣಸೀಮೆಯಲ್ಲಿ ಹೊಂದುವ ಕೇಬಲ್ ಎಂದರೆ 120 ಓಮ್ ಪ್ರತಿಬಾಧೆಯ, 0.5 ಚದರ ಮಿ.ಮೀ. ತವರಲೇಪಿತ ತಾಮ್ರದ, ಪಾಲಿಥೀನ್ ನಿರೋಧಕದ ಎರಡು ಹೊಸೆದ ಜೋಡಿಗಳು, ಫಾಯಿಲ್ ಮತ್ತು ಬ್ರೇಡ್ ಶೀಲ್ಡ್, ಉಕ್ಕಿನ ಆರ್ಮರ್, ಬಿಸಿಲು ತಾಳುವ ಕಪ್ಪು ಹೊದಿಕೆ. ಅರ್ಥಿಂಗ್ ಜಾಲ ಕೆಟ್ಟಿದ್ದರೆ ಇದಕ್ಕಿಂತ ದುಬಾರಿಯ ಕೇಬಲ್ಲೂ ಪ್ರಯೋಜನಕ್ಕೆ ಬಾರದು. ಆದ್ದರಿಂದ ಖರೀದಿಗೆ ಮುನ್ನ ಸ್ಥಳದ ಅರ್ಥ್ ರೋಧವನ್ನು ಬೇಸಿಗೆಯಲ್ಲಿ, ನೆಲ ಒಣಗಿರುವಾಗಲೇ, ಅಳೆಯಬೇಕು.